ತೊಳೆದು ಹೋದ ಹರಳು

ಸಲೀಮಾ ಮಾಡಿದ ಹರಳಿಗೆ ಈಗ ಹೆಸರು ಬಂದಿದೆ. ಇಟ್ಟವರು ಬೇರೆ ಯಾರೋ. ಹೊರದೇಶದ ಒಂದು ಪ್ರಯೋಗಾಲಯದವರು ಅದೇ ಲೋಹ, ಅದೇ ಆಮ್ಲ ಸೇರಿಸಿ ಹರಳು ಬೆಳೆಸಿ, ಒಳರಚನೆಯ ಚಿತ್ರದ ಸಮೇತ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಅವಳು ಅದನ್ನು ಮೊಬೈಲಿನಲ್ಲಿ ಓದಿದಳಂತೆ. ನೆಟ್ಟಗೆ ನನ್ನ ಮನೆಗೆ ಬಂದು, "ಮೇಡಂ, ನಮ್ದು ಸಿಕ್ತು" ಎಂದಳು, ಕಳೆದುಹೋದ ಕೊಡೆ ಸಿಕ್ಕಿತು ಅನ್ನುವ ಹಾಗೆ. ನನಗೆ ಅಳು ಬಂತು. ನನಗೆ ಅಳು ಬಂದಾಗಲೆಲ್ಲ ಸಿಟ್ಟೇ ಮುಂದಾಗಿ ಬರುತ್ತದೆ. "ಕೂತ್ಕೋ ಮಾರಾಯ್ತಿ, ಚಪ್ಪಲಿ ಆಚೆ ಬಿಟ್ಟು ಬಾ" ಎಂದು ಗದರಿದೆ.

ಓಲ್ಡ್ ಟೌನಿನ ಜನ ಈ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಮಗಳ ಪಿಎಚ್‌ಡಿಯನ್ನು ಅಪ್ಪನೇ ತೊಳೆದು ಹಾಕಿದ. ಊರ ಬಾಯಿಗೆ ಮೂಕುಡೆ ಮುಚ್ಚಲಾದೀತೇ? ಆದರೆ ಆ ದಿನ ಅಲ್ಲಿ ನಿಂತಿದ್ದವಳು ನಾನು. ಆಮೇಲೆ ಆದದ್ದೂ ನನಗೇ ಗೊತ್ತು. ಹೇಳದೆ ಹೋದರೆ ನನ್ನ ಹೊಟ್ಟೆ ಆರುವುದಿಲ್ಲ.

ನಾನು ಜಲಜಮ್ಮ. ಭದ್ರಾವತಿಯಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ಯಜಮಾನರು ಕಾಗದದ ಕಾರ್ಖಾನೆಯಲ್ಲಿದ್ದರು, ಹಾಗಾಗಿ ಕಾಗದನಗರವೇ ನನ್ನ ಊರಾಯಿತು. ಸಾವಿರಾರು ಮಕ್ಕಳಿಗೆ ಪಾಠ ಮಾಡಿದೆ. ಅದರಲ್ಲಿ ಹೆಚ್ಚಿನವರಿಗೆ ರಸಾಯನಶಾಸ್ತ್ರವೆಂದರೆ ಪರೀಕ್ಷೆಯ ಹಿಂದಿನ ದಿನದ ಕಹಿ ಕಷಾಯ. ಸಲೀಮಾ ಹಾಗಲ್ಲ. ಲ್ಯಾಬಿನಲ್ಲಿ ಮೈಲುತುತ್ತದ ನೀರನ್ನು ಒಂದು ತಟ್ಟೆಯಲ್ಲಿ ಬಿಟ್ಟು, ಮಾರನೆಯ ದಿನ ನೀಲಿ ಹರಳು ಕಟ್ಟಿದ್ದನ್ನು ಕಂಡು, ಊಟದ ಗಂಟೆ ಹೊಡೆದರೂ ಎದ್ದು ಹೋಗದ ಹುಡುಗಿ ಅವಳು. ಹರಳಿನ ಹುಚ್ಚು ಅವಳಿಗೆ ಅಂದೇ ಹಿಡಿಯಿತು.

ಅವಳ ತಂದೆ ಬಾಬು ಸಾಬ್. ಓಲ್ಡ್ ಟೌನಿನಲ್ಲಿ ಅವರದೊಂದು ಲೇತ್ ವರ್ಕ್‌ಶಾಪು. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಅಕ್ಕಿ ಗಿರಣಿಯ ರೋಲರು, ಏನು ತಂದರೂ ತಿರುವಿ ಕೊಡುತ್ತಿದ್ದರು. ಅವರದೊಂದು ನೇಮವಿತ್ತು. ಕೆಲಸಕ್ಕೆ ಬಂದ ವಸ್ತು ಬಂದದ್ದಕ್ಕಿಂತ ಸ್ವಚ್ಛವಾಗಿ ವಾಪಸು ಹೋಗಬೇಕು. ಎಣ್ಣೆ ಜಿಡ್ಡು ಮೆತ್ತಿದ ಗೇರು ತಂದವರು ತೊಳೆದು ಒರೆಸಿದ ಗೇರನ್ನು ಒಯ್ಯುತ್ತಿದ್ದರು. "ಕೆಲ್ಸ ಕೆಡಬಹುದು ಟೀಚರಮ್ಮ, ಮರ್ಯಾದೆ ಕೆಡಬಾರ್ದು" ಎನ್ನುತ್ತಿದ್ದರು ನನ್ನ ಬಳಿ.

ಎಂಎಸ್ಸಿ ಮುಗಿಸಿ ಸಲೀಮಾ ನವುಲೆಯ ಕಡೆಯ ಒಂದು ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದಳು. ಅವಳು ಹಿಡಿದ ವಿಷಯ ನನ್ನ ಕಾಲದಲ್ಲಿ ಇರಲೇ ಇಲ್ಲ. ಮನೆಗೆ ಬಂದಾಗಲೆಲ್ಲ ನನಗೆ ಪಾಠ ಮಾಡುತ್ತಿದ್ದಳು. ಚಪ್ಪರ ಕಟ್ಟುವಾಗ ಬಿದಿರ ಗಳಕ್ಕೆ ಗಳ ಕೂಡುವಲ್ಲಿ ಗಂಟು ಬಿಗಿಯುತ್ತೇವಲ್ಲ, ಹಾಗೆ ಲೋಹದ ಕಣಗಳು ಗಂಟು, ಆಮ್ಲದ ಅಣುಗಳು ಗಳ. ತಾವಾಗಿಯೇ ಕೂಡಿಕೊಂಡು ಎಲ್ಲ ದಿಕ್ಕಿಗೂ ಚಪ್ಪರ ಹಬ್ಬುತ್ತದೆ. ನಡುವೆಲ್ಲ ಖಾಲಿ ಕೋಣೆಗಳು. ಆ ಕೋಣೆಗಳಲ್ಲಿ ಗಾಳಿ ತುಂಬಿಡಬಹುದು, ನೀರಿನಲ್ಲಿರುವ ವಿಷವನ್ನು ಹಿಡಿಯಬಹುದು. ಅವಳು ಗಂಟಿಗೆ ಆರಿಸಿಕೊಂಡದ್ದು ಟೆರ್ಬಿಯಂ, ವಿರಳ ಭೂಲೋಹಗಳೆಂದು ಕರೆಯುವ ಗುಂಪಿನದು. ಅದರ ಪುಡಿಗೆ ಖೋಟಾ ನೋಟು ನೋಡುವ ನೀಲಿ ಲೈಟು ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ನೀರಿನಲ್ಲಿ ತಾಮ್ರವಿದ್ದರೆ ಹೊಳಪು ಮಂಕಾಗುತ್ತದೆ. ತೋಟಗಳಿಗೆ ಹೊಡೆಯುವ ಮೈಲುತುತ್ತದ ಔಷಧಿ ಬಾವಿಗೆ ಇಳಿದಿದೆಯೋ ಇಲ್ಲವೋ ಎಂದು ಇದರಿಂದ ಹೇಳಬಹುದೆಂಬುದು ಅವಳ ಆಸೆ.

"ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದ್ರೆ ಹತ್ತು ಗುಂಟೆ ಜಾಗ ಆಗುತ್ತೆ, ಅಬ್ಬಾ" ಎಂದು ಒಮ್ಮೆ ತಂದೆಗೆ ಹೇಳಿದಳು.

"ಗ್ರಾಮಿಗೆ ಹತ್ತು ಗುಂಟೆನಾ? ಖಾತೆ ಯಾರ ಹೆಸ್ರಿಗೆ ಮಾಡ್ತಾರೆ ಬೇಟಾ?" ಎಂದು ಬಾಬು ಸಾಬ್ ನಕ್ಕರು.

ಕೇಳಿದ್ದು ತಮಾಷೆಗೆ. ಆದರೆ ಪ್ರಶ್ನೆ ಅದೇ ಆಗಿತ್ತು. ಪುಡಿ ಮಾಡಿದವರಿಗೆ ಖಾತೆಯಿಲ್ಲ. ಪುಡಿಗೆ ಎಕ್ಸ್-ರೇ ಹಾಯಿಸಿದರೆ ಅದು ಹಿಂದೆ ಯಾರೂ ಮಾಡದ್ದು ಎಂದು ತಿಳಿಯಬಹುದು, ಅಷ್ಟೇ. ಗಂಟು ಎಲ್ಲಿ, ಗಳ ಎಲ್ಲಿ, ಕೋಣೆ ಎಷ್ಟು ದೊಡ್ಡದು ಎಂದು ಖಚಿತವಾಗಿ ಹೇಳಬೇಕಾದರೆ ಉಪ್ಪಿನ ಕಾಳಿನಷ್ಟಾದರೂ ದೊಡ್ಡದಾದ, ಬಿರುಕಿಲ್ಲದ ಒಂದೇ ಒಂದು ಹರಳು ಬೇಕು. ಅದನ್ನು ಬೆಂಗಳೂರಿನ ದೊಡ್ಡ ಯಂತ್ರಕ್ಕೆ ಕಳಿಸಿ ರಚನೆ ತಿಳಿದರೆ ಮಾತ್ರ ಆ ವಸ್ತು ನಿಮ್ಮದು. ಸಲೀಮಾಗೆ ಬೇಕಾಗಿದ್ದುದು ಆ ಒಂದು ಕಾಳು.

ಇದನ್ನು ಬೇಯಿಸುವ ಪಾತ್ರೆ ಬೇರೆಯೇ. ಒಳಗೆ ಬಿಳಿ ಟೆಫ್ಲಾನಿನ ಲೋಟ, ಹೊರಗೆ ಸ್ಟೀಲಿನ ಕವಚ, ಮೇಲೆ ಬಿಗಿಯಾಗಿ ತಿರುಪುವ ಮುಚ್ಚಳ. ಸೀಟಿ ಇಲ್ಲದ ಕುಕ್ಕರು ಎನ್ನಿ. ಲ್ಯಾಬಿನಲ್ಲಿ ಇದ್ದದ್ದು ನಾಲ್ಕಾರು, ಅವೂ ಹಿರಿಯ ವಿದ್ಯಾರ್ಥಿಗಳ ವಶ. ಸಲೀಮಾ ಅಳತೆಯ ನಕ್ಷೆ ಬರೆದು ತಂದು ತಂದೆಯ ಮುಂದಿಟ್ಟಳು. ಹುಡುಗರು ಅದನ್ನು ಬಾಂಬ್ ಎಂದು ಕರೆಯುತ್ತಾರೆ ಎಂದೂ ಬಾಯಿ ತಪ್ಪಿ ಹೇಳಿದಳು.

ಬಾಬು ಸಾಬರ ಮುಖದ ಬಣ್ಣವೇ ಹೋಯಿತು. "ಆ ಹೆಸ್ರು ಬಸ್ಸಲ್ಲಿ ಎತ್ಬೇಡ ತಾಯಿ. ನಮ್ಮಂಥೋರು ಆಡೋ ಮಾತಲ್ಲ ಅದು" ಎಂದರು. ನಕ್ಷೆಯ ಮೇಲೆ ಬೆರಳಿಟ್ಟು, "ಸಿಡಿಯೋದೂ ಉಂಟಾ?" ಎಂದು ಕೇಳಿದರು. ಅಪರೂಪಕ್ಕೆ ಸಿಡಿಯುತ್ತದೆ ಎಂದು ಇವಳು ನಿಜ ಹೇಳಿದಳು. ನಿಜ ಹೇಳುವುದು ಎಲ್ಲ ಕಾಲಕ್ಕೂ ಒಳ್ಳೆಯದಲ್ಲ.

ಅವರು ನಕ್ಷೆಯನ್ನು ಮಡಚಿ ಬದಿಗಿಟ್ಟರು. ಯಾವುದೋ ಹಳೆಯ ಯಂತ್ರದ ಸ್ಟೀಲ್ ಶಾಫ್ಟಿನ ತುಂಡೊಂದು ಅವರಲ್ಲಿತ್ತು. ಅದನ್ನೇ ಕೊರೆದು ಪಾತ್ರೆ ಮಾಡಿದರು. ಗೋಡೆ ನಕ್ಷೆಯಲ್ಲಿದ್ದುದರ ಮೂರು ಪಟ್ಟು ದಪ್ಪ. ನೋಡಲು ಒರಳಿನ ಗುಂಡಿನ ಹಾಗಿತ್ತು, ಎತ್ತಿದರೆ ತೂಕವೂ ಹಾಗೇ. ಸಲೀಮಾ ರೇಗಿದಳು. ನಕ್ಷೆ ಬರೆದದ್ದು ಯಾತಕ್ಕೆ, ಲ್ಯಾಬಿನಲ್ಲಿ ಎಲ್ಲರೂ ನಗುತ್ತಾರೆ ಎಂದಳು. ನಕ್ಕರು ಕೂಡ. ಆದರೆ ಬೇರೆ ಪಾತ್ರೆ ಇಲ್ಲದ್ದರಿಂದ, ಪ್ರತಿ ಸಲವೂ ಬೆರಕೆಯ ಪ್ರಮಾಣ ಬದಲಿಸುತ್ತ, ಅದರಲ್ಲೇ ಬೇಯಿಸತೊಡಗಿದಳು.

ಆ ವರ್ಷ ದಸರೆಯ ಹೊತ್ತಿಗೆ ಪಾತ್ರೆಯ ಮುಚ್ಚಳ ಹಿಡಿದುಕೊಂಡಿತು. ಸ್ಟೀಲಿಗೆ ಸ್ಟೀಲು ತಿರುಪಿ ಬಿಸಿ ಮಾಡಿದರೆ ಹೀಗಾಗುವುದುಂಟು. ಲ್ಯಾಬಿನಲ್ಲಿ ಯಾರ ಕೈಗೂ ಬಿಚ್ಚಲಿಲ್ಲ. ಒಳಗೆ ಆ ಸಲದ ಟೆರ್ಬಿಯಂ ಬೆಂದು ಕೂತಿತ್ತು. ಆಯುಧಪೂಜೆಯ ಬೆಳಿಗ್ಗೆ ಅವಳು ಅದನ್ನು ಭದ್ರಾವತಿಗೆ ಹೊತ್ತು ತಂದು, "ಅಬ್ಬಾ, ಇದನ್ನ ಬಿಚ್ಚಿಕೊಡಿ" ಎಂದು ಕೊಟ್ಟು, ಹಬ್ಬದ ಊಟಕ್ಕೆಂದು ನನ್ನ ಮನೆಗೆ ಬಂದಳು. ಒಳಗಿರುವುದನ್ನು ಹಾಗೇ ಇಡಿ ಎಂದು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ರಸಾಯನಶಾಸ್ತ್ರ ಕಲಿತವರಿಗೆ ಪಾತ್ರೆಯ ತಳದಲ್ಲಿ ಉಳಿದದ್ದೇ ಫಲ. ಕಲಿಯದವರಿಗೆ ಅದು ಗಸಿ.

ಬಾಬು ಸಾಬರ ವರ್ಕ್‌ಶಾಪಿನಲ್ಲಿ ಆಯುಧಪೂಜೆ ಎಂದೂ ತಪ್ಪಿದ್ದಲ್ಲ. ಅವರೊಡನೆ ಮೊದಲಿನಿಂದಲೂ ಇದ್ದ ವೆಲ್ಡರ್ ಶಿವಪ್ರಸಾದ್ ಕುಂಕುಮ ಹಚ್ಚಿ, ಹೂವಿಟ್ಟು, ಬೂದುಗುಂಬಳ ಒಡೆಯುತ್ತಿದ್ದ. "ಪೂಜೆ ಅವ್ನದು, ತೊಳೆಯೋದು ನಂದು" ಎನ್ನುತ್ತಿದ್ದರು ಬಾಬು ಸಾಬ್. ಆ ದಿನ ಲೇತಿನಿಂದ ಹಿಡಿದು ಸ್ಪಾನರಿನವರೆಗೆ ಕೊಳೆಯಾಗಿ ಏನೂ ಉಳಿಯಬಾರದು.

ಸಂಜೆ ನಾವಿಬ್ಬರೂ ಅಲ್ಲಿಗೆ ಹೋದಾಗ ಯಂತ್ರಗಳೆಲ್ಲ ಚೆಂಡು ಹೂವು ಮುಡಿದು ಕೂತಿದ್ದವು. ಆ ಸಾಲಿನಲ್ಲಿ ಸಲೀಮಾಳ ಪಾತ್ರೆಯೂ ಇತ್ತು, ಅದಕ್ಕೂ ಒಂದು ಹೂವು. ಬಾಬು ಸಾಬ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಮಗಳಿಗೆ ಕೊಟ್ಟರು. "ಅಡಿಗೆಲ್ಲ ಗಸಿ ಹಿಡಿದಿತ್ತು, ಮರಳು ಮರಳಾಗಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೀನಿ. ಈಗ ನೋಡು, ಹೊಸಾದು!"

ಸಲೀಮಾ ಮುಚ್ಚಳ ತೆಗೆದು ನೋಡಿದಳು. ಲೋಟ ಉಜ್ಜಿದ ಹಲ್ಲಿನ ಹಾಗೆ ಬೆಳ್ಳಗಿತ್ತು.

"ಮರಳು ಮರಳಾಗಿ ಅಂದ್ರೆ?" ಎಂದಳು.

"ಸಕ್ಕರೆ ಇರುತ್ತಲ್ಲ, ಹಂಗೆ."

ಅವಳು ಹಿತ್ತಲಿನ ತೊಳೆಯುವ ಕಲ್ಲಿನ ಕಡೆ ಹೋದಳು. ಚೀಲದಿಂದ ಆ ನೀಲಿ ಲೈಟು ತೆಗೆದು ಹಿಡಿದಳು. ಆಗಲೇ ಮಬ್ಬುಗತ್ತಲಾಗಿತ್ತು. ಕಲ್ಲಿನ ಬಿರುಕುಗಳಲ್ಲಿ, ತೆಂಗಿನ ನಾರಿನಲ್ಲಿ, ಮೋರಿಯ ಅಂಚಿನುದ್ದಕ್ಕೂ ಹಸಿರು ಚುಕ್ಕೆಗಳು ಹೊಳೆದವು. ಪುಡಿಯಲ್ಲ. ಮೂಲೆ ಮುರಿದ, ಉಜ್ಜಿ ಸೀಳಿದ ಹರಳಿನ ಚೂರುಗಳು. ಅಷ್ಟು ದಿನ ಅವಳು ಕಾದಿದ್ದ ಕಾಳುಗಳು ಬಂದಿದ್ದವು, ಬಂದ ದಿನವೇ ಹೋಗಿದ್ದವು.

ತಂದೆಯೂ ಮಗಳೂ ತಮ್ಮ ತಮ್ಮಲ್ಲಿ ದಖನಿ ಉರ್ದುವಿನಲ್ಲೇ ಮಾತಾಡುವವರು, ನನ್ನಂಥವರು ಎದುರಿಗಿದ್ದರೆ ಮಾತ್ರ ಮರ್ಯಾದೆಗೆ ಕನ್ನಡ. ಅಂಥ ಸಿಟ್ಟಿನಲ್ಲೂ ಅವಳ ಬಾಯಿಗೆ ಬಂದದ್ದು ಕನ್ನಡವೇ. ನನ್ನ ಎದುರಿಗೆ, ಶಿವಪ್ರಸಾದನ ಎದುರಿಗೆ, ಪ್ರಸಾದಕ್ಕೆಂದು ಬಂದಿದ್ದ ಅಕ್ಕಪಕ್ಕದ ಅಂಗಡಿಯವರ ಎದುರಿಗೆ ಹೇಳಿದಳು: "ನಿಮ್ ಕೈ ತಾಗಿದ್ದೆಲ್ಲ ಹಾಳಾಗುತ್ತೆ, ಅಬ್ಬಾ. ಇನ್ಮೇಲೆ ನನ್ನ ಸಾಮಾನು ಮುಟ್ಬೇಡಿ."

ಬಾಬು ಸಾಬ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು. ಎಂದೂ ಅಂಗಿಗೆ ಕೈ ಒರೆಸಿದವರಲ್ಲ ಆ ಮನುಷ್ಯ.

ಚಿಮಟದಿಂದ ಆಯ್ದ ಚೂರುಗಳನ್ನು ಅವಳು ಶಿವಮೊಗ್ಗಕ್ಕೆ ಒಯ್ದಳು. ಪುಡಿ ಮಾಡಿ ಎಕ್ಸ್-ರೇ ಹಾಯಿಸಿದರೆ ಯಾವ ಹಳೆಯ ವಸ್ತುವನ್ನೂ ಹೋಲದ ಗೆರೆಗಳು ಬಂದವು. ಹೊಸದು, ಅನುಮಾನವೇ ಇಲ್ಲ. ಇದ್ದುದರಲ್ಲಿ ದೊಡ್ಡ ಚೂರನ್ನು ಬೆಂಗಳೂರಿಗೆ ಕಳಿಸಿದರು. ಒಳಗೆಲ್ಲ ಬಿರುಕಿದೆ, ರಚನೆ ಬಿಡಿಸಲಾಗದು ಎಂದು ಉತ್ತರ ಬಂತು. ಮಗು ಹುಟ್ಟಿದೆ, ಮುಖ ನೋಡುವಂತಿಲ್ಲ.

ಮತ್ತೆ ಮಾಡಿದರಾಯಿತು ಎಂದರು ಅವಳ ಗೈಡು. ನಾನೂ ಹಾಗೇ ಅಂದೆ. ಅವಳು ಆ ಪಾತ್ರೆಯನ್ನು ಸಿಟ್ಟಿನಲ್ಲಿ ವರ್ಕ್‌ಶಾಪಿನಲ್ಲೇ ಬಿಟ್ಟು ಬಂದಿದ್ದಳು. ಲ್ಯಾಬಿಗೆ ಕಂಪನಿಯ ಹೊಸ ಪಾತ್ರೆಗಳು ಬಂದವು, ತೆಳ್ಳಗೆ, ನಕ್ಷೆಯ ಪ್ರಕಾರ. ಅದೇ ಲೋಹ, ಅದೇ ಆಮ್ಲ, ಅದೇ ಶಾಖ. ಪ್ರತಿ ಸಲವೂ ಬಂದದ್ದು ಬರೀ ಪುಡಿ. ಅದೂ ಹೊಸದಲ್ಲ, ಹತ್ತಾರು ಜನ ಆಗಲೇ ಮಾಡಿ ಮುಗಿಸಿದ್ದು. ಒಂದು ವರ್ಷ ಹೋಯಿತು, ಎರಡಾಯಿತು. ನಿನ್ನ ಕೈಗುಣ ಸರಿಯಿಲ್ಲ ಎಂದು ಲ್ಯಾಬಿನಲ್ಲಿ ಯಾರೋ ಆಡಿಕೊಂಡರಂತೆ. ತಾನು ತಂದೆಗೆ ಅಂದ ಮಾತನ್ನೇ ಅವಳು ಈಗ ಕೇಳಬೇಕಾಯಿತು.

ಮನೆಯಲ್ಲಿ ಇಬ್ಬರ ನಡುವೆ ಮಾತಿತ್ತು. ಊಟ ಆಯ್ತಾ, ಬಸ್ಸು ಸಿಕ್ತಾ, ಅಷ್ಟು. ಕೆಲಸದ ಸುದ್ದಿಯನ್ನು ಬಾಬು ಸಾಬ್ ನನ್ನಿಂದ ಕೇಳುತ್ತಿದ್ದರು. ಸಂತೆಯಲ್ಲಿ ಸಿಕ್ಕರೆ ಚೀಲ ಕೆಳಗಿಟ್ಟು, "ಮತ್ತೆ ಬಂತೇನು ಟೀಚರಮ್ಮ, ಆ ಸಕ್ಕರೆ?" ಎನ್ನುವರು. ಇನ್ನೂ ಇಲ್ಲ ಎಂದರೆ ತಲೆಯಾಡಿಸಿ ಚೀಲ ಎತ್ತಿಕೊಳ್ಳುವರು. ಹೋಗಿ ಮಗಳನ್ನೇ ಕೇಳಿ ಎಂದು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಅಪ್ಪ ಮಗಳ ಬಿಗುಮಾನದ ನಡುವೆ ಹೊರಗಿನವಳು ಕೈ ಹಾಕಬಾರದೆಂದು ಸುಮ್ಮನಾಗುತ್ತಿದ್ದೆ. ಆ ನಡುವೆ ಅವರ ಕೈ ನಡುಗಲು ಶುರುವಾಯಿತು. ಲೇತನ್ನು ಮಾರಿಬಿಟ್ಟರು.

ಪ್ರಬಂಧ ಒಪ್ಪಿಸುವ ದಿನ ಹತ್ತಿರವಾದಾಗ ಒಂದು ಭಾನುವಾರ ಸಲೀಮಾ ನನ್ನ ಮನೆಗೆ ಬಂದಳು. ಬಳಪದ ಕಲ್ಲಿನ ಪಾತ್ರೆಯಲ್ಲಿ ಹುಳಿ ಮಾಡಿ ಇಳಿಸಿದ್ದೆ. ಕಟ್ಟೆಯ ಮೇಲೆ ಅದು ಇನ್ನೂ ತಕತಕ ಕುದಿಯುತ್ತಿತ್ತು.

"ಒಲೆ ಮೇಲಿಲ್ಲ, ಆದ್ರೂ ಕುದೀತಿದೆಯಲ್ಲ ಮೇಡಂ?"

"ಕಲ್ಲಲ್ವೇನೇ. ಅಷ್ಟು ಬೇಗ ಬಿಸಿ ಬಿಡಲ್ಲ."

ಅವಳು ತಟ್ಟೆ ಬದಿಗೆ ಸರಿಸಿ, ಕಲ್ಲಿನ ಪಾತ್ರೆಯ ಹತ್ತಿರ ಕೈ ಹಿಡಿದು ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಅವರ ಲ್ಯಾಬಿನಲ್ಲಿ ಇರುವುದು ಒಂದೇ ಓವನ್ನು, ಸರದಿಯಲ್ಲಿ ಕಾಯುವವರು ಹಲವರು. ಅವಧಿ ಮುಗಿದ ಕೂಡಲೇ ಸುಡುತ್ತಿರುವ ಪಾತ್ರೆಯನ್ನು ಹೊರತೆಗೆದು ಕಲ್ಲಿನ ಮೇಜಿನ ಮೇಲಿಟ್ಟು ಮುಂದಿನವರಿಗೆ ಜಾಗ ಬಿಡುವುದು ಅಲ್ಲಿಯ ಪದ್ಧತಿ. ತೆಳ್ಳನೆಯ ಪಾತ್ರೆ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಬಾಬು ಸಾಬರ ಪಾತ್ರೆ ಮಾತ್ರ ಸಂಜೆಯವರೆಗೂ ಮುಟ್ಟಲು ಬರುತ್ತಿರಲಿಲ್ಲ. ಹರಳಿಗೆ ಬೆಳೆಯಲು ಬೇಕಾದದ್ದು ಅದೇ, ನಿಧಾನವಾಗಿ ಆರುವ ಬಿಸಿ.

"ಅವ್ರಿಗೆ ಇದು ಯಾವುದೂ ಗೊತ್ತಿರ್ಲಿಲ್ಲ ಮೇಡಂ. ನನ್ನ ಕೈಯಲ್ಲಿ ಸಿಡಿದ್ರೆ ಅಂತ ಹೆದ್ರಿ ದಪ್ಪ ಮಾಡಿದ್ರು. ಅಷ್ಟೇ. ಆ ಹೆದರಿಕೆಯಿಂದ್ಲೇ ಹರಳು ಬಂತು" ಎಂದು ಅಳತೊಡಗಿದಳು.

ಬಾಟಲಿಯಲ್ಲಿ ಉಳಿದಿದ್ದ ಟೆರ್ಬಿಯಂ ಒಂದು ಸಲಕ್ಕೆ ಮಾತ್ರ ಸಾಲುವಷ್ಟಿತ್ತು. ಇನ್ನೊಂದು ಬಾಟಲಿ ತರಿಸಲು ಹೊತ್ತಿರಲಿಲ್ಲ. "ಎದ್ದೇಳು, ಈಗ್ಲೇ ಹೋಗಿ ಆ ಪಾತ್ರೆ ಕೇಳೋಣ" ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು. "ಮನೆ ಮಾತಲ್ಲಿ ಬೈದಿದ್ರೆ ಮನೇಲೇ ಉಳೀತಿತ್ತು ಮೇಡಂ. ಕನ್ನಡದಲ್ಲಿ ಬೈದು ಊರಿಗೇ ಕೇಳಿಸಿಬಿಟ್ಟೆ."

ಬಾಬು ಸಾಬ್ ಜಗುಲಿಯ ಕುರ್ಚಿಯಲ್ಲಿದ್ದರು. ಸಲೀಮಾ ಅವರ ಕಾಲ ಬಳಿ ಕೂತು, "ಅಬ್ಬಾ, ಆ ಪಾತ್ರೆ ಇದೆಯಾ? ನೀವು ಮಾಡಿದ್ದು. ಅದು ಬೇಕಿತ್ತು" ಎಂದಳು.

ಅವರ ಕಣ್ಣು ಅರಳಿದ್ದನ್ನು ನಾನು ಕಂಡೆ. ಕುರ್ಚಿಯ ಕೈ ಹಿಡಿದು ಎದ್ದರು, ಒಳಗೆ ಹೋದರು. ಒಗೆದ ಟವೆಲಿನಲ್ಲಿ ಸುತ್ತಿದ್ದನ್ನು ತಂದು ಮಗಳ ಕೈಗೆ ಇಟ್ಟರು. ನಡುಗುವ ಕೈಯಲ್ಲಿ ಆ ಗುಂಡು ಅಷ್ಟು ಸಲೀಸಾಗಿ ಬಂದದ್ದು ಹೇಗೆ ಎಂದುಕೊಂಡೆ. ಸಲೀಮಾ ಟವೆಲು ಬಿಚ್ಚಿದಳು.

ಪಾತ್ರೆ ತೆಳ್ಳಗಿತ್ತು.

"ಮುಟ್ಬೇಡಿ ಅಂದಿದ್ದೆ ನೀನು. ಇದೊಂದ್ಸಲ ಮುಟ್ಟಿದೆ" ಎಂದರು ಬಾಬು ಸಾಬ್. "ಆ ದಸರಾ ಮುಗಿದ ವಾರವೇ ಲೇತಿಗೆ ಹಾಕಿ ತಿರುವಿ ಸವೆಸಿದೆ. ನಿನ್ನ ನಕ್ಷೆ ಇತ್ತಲ್ಲ, ಅದರ ಪ್ರಕಾರ, ಒಂದು ಕೂದಲಷ್ಟೂ ಆಚೀಚೆ ಇಲ್ಲ. ನೀನು ಕೇಳ್ತೀಯ ಅಂತ ಇಟ್ಟಿದ್ದೆ."

ನಾನು ಬಾಯಿ ತೆರೆದೆ. ಸಲೀಮಾ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಅವಳು ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಸರಿಯಾಗಿದೆ ಅಬ್ಬಾ" ಎಂದಳು.

ಹೊರಗೆ ಬಂದ ಮೇಲೆ ನಾನು ಹಾರಾಡಿದೆ. "ಶಿವಮೊಗ್ಗದಲ್ಲಿ ಬೇಕಾದಷ್ಟು ಲೇತ್ ಇವೆ, ನಾಳೆಯೇ ದಪ್ಪದ್ದೊಂದು ಮಾಡಿಸು, ಇರೋದು ಒಂದೇ ಸಲಕ್ಕೆ, ಹುಚ್ಚುಚ್ಚಾಗಿ ಆಡ್ಬೇಡ" ಎಂದೆ.

"ಯಾವುದರಲ್ಲಿ ಮಾಡ್ದೆ ಅಂತ ಅಬ್ಬಾ ಕೇಳ್ತಾರೆ ಮೇಡಂ" ಎಂದಳು.

"ಸುಳ್ಳು ಹೇಳು!"

"ಹೇಳ್ತೀನಿ. ಒಂದೇ ಒಂದು ಹೇಳ್ತೀನಿ. ಅದಕ್ಕೆ ಹೊಸ ಪಾತ್ರೆ ಬೇಡ."

ನನಗೆ ಆಗ ಅರ್ಥವಾಗಲಿಲ್ಲ. ಅವಳು ಕೊನೆಯ ಟೆರ್ಬಿಯಂ ಅನ್ನು ಆ ತೆಳ್ಳನೆಯ ಪಾತ್ರೆಗೇ ಹಾಕಿದಳು. ಹೊರತೆಗೆದ ಮೇಲೆ ಬಿಸಿ ಉಳಿಯಲೆಂದು ತನ್ನ ಅಜ್ಜಿಯ ಕೌದಿಯನ್ನು ಸುತ್ತಿ ಸುತ್ತಿ ಇಟ್ಟಳಂತೆ. ಆಸೆ ಇತ್ತು, ಇಲ್ಲವೆಂದಲ್ಲ. ಆದರೆ ಬಟ್ಟೆ ಬಟ್ಟೆಯೇ, ಉಕ್ಕು ಉಕ್ಕೇ. ಬಿಚ್ಚಿದಾಗ ಇದ್ದದ್ದು ಪುಡಿ, ಅದೇ ಹಳೆಯದು. ಆ ಪುಡಿಗಳ ಮೇಲೆಯೇ ಪ್ರಬಂಧ ಬರೆದು ಒಪ್ಪಿಸಿದಳು. ಡಾಕ್ಟರ್ ಆದಳು, ಈಗ ಶಿವಮೊಗ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹೊಸ ಹರಳಿನ ಸುದ್ದಿ ಆ ಪ್ರಬಂಧದಲ್ಲಿ ಅರ್ಧ ಪುಟ, ರಚನೆ ತಿಳಿದಿಲ್ಲ ಎಂಬ ಮಾತಿನೊಡನೆ.

ಆ ಕೊನೆಯ ಸಲದ ಪುಡಿಯನ್ನು ಚಿಕ್ಕ ಗಾಜಿನ ಶೀಶೆಯಲ್ಲಿ ಹಾಕಿಕೊಂಡು ಬಂದ ದಿನ ಅವಳು ನನ್ನನ್ನೂ ಮನೆಗೆ ಕರೆದಳು. "ಒಬ್ಳೇ ಹೋದ್ರೆ ಎಲ್ಲ ಹೇಳಿ ಅತ್ತುಬಿಡ್ತೀನಿ, ನೀವಿದ್ರೆ ತಡ್ಕೊಳ್ತೀನಿ" ಎಂದಳು.

"ಬಂತು ಅಬ್ಬಾ" ಎಂದಳು ಒಳಗೆ ಕಾಲಿಟ್ಟವಳೇ. "ನಿಮ್ಮ ಪಾತ್ರೆಯಲ್ಲೇ ಬಂತು."

ಬಾಬು ಸಾಬ್ ತಾವೇ ಎದ್ದು ಕಿಟಕಿ ಮುಚ್ಚಿದರು. ಅವಳು ನೀಲಿ ಲೈಟು ಹಿಡಿದಳು. ಶೀಶೆ ಹಸಿರಾಗಿ ಬೆಳಗಿತು. ಪುಡಿ ಯಾವುದು, ಹರಳು ಯಾವುದು ಎಂದು ಅವರಿಗೇನು ಗೊತ್ತು. ಮುಖದ ತುಂಬ ಆ ಹಸಿರು ಬೆಳಕು ತುಂಬಿಕೊಂಡು ಬಹಳ ಹೊತ್ತು ನೋಡಿದರು. ಶೀಶೆಯನ್ನು ಮುಟ್ಟಲು ಕೈ ಮುಂದೆ ಮಾಡಿ, ಮುಟ್ಟದೆ ಹಿಂದೆ ತೆಗೆದುಕೊಂಡರು. ಸಲೀಮಾ ಆ ಕೈ ಹಿಡಿದು ಶೀಶೆಯನ್ನು ಅದರೊಳಗಿಟ್ಟು, ಬೆರಳುಗಳನ್ನು ಮಡಚಿದಳು.

"ಅವತ್ತು ನಾನು ತೊಳೆದು ಹಾಕಿದ್ದೂ ಇಷ್ಟು ಚೆನ್ನಾಗಿತ್ತಾ ಬೇಟಾ?" ಎಂದು ಕೇಳಿದರು.

"ಇಲ್ಲ ಅಬ್ಬಾ. ಇಷ್ಟು ಚೆನ್ನಾಗಿರ್ಲಿಲ್ಲ."

ಬಾಬು ಸಾಬ್ ಉಸಿರು ಬಿಟ್ಟು, ನನ್ನ ಕಡೆ ತಿರುಗಿ ನಕ್ಕರು. "ಹಂಗಾದ್ರೆ ತೊಳೆದದ್ದೇ ಒಳ್ಳೇದಾಯ್ತು ಬಿಡಿ, ಟೀಚರಮ್ಮ."